ಸೊಳ್ಳೆಗಳ ಲೆಕ್ಕ ಹಾಕಿದ ವೈದ್ಯ ರೊನಾಲ್ಡ್ ರಾಸ್

ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದನ್ನು ಸಾಬೀತುಪಡಿಸಿ 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಸರ್ ರೊನಾಲ್ಡ್ ರಾಸ್ ಅವರ ಹೆಸರು ಶಾಲಾ ಮಕ್ಕಳಿಗೂ ಪರಿಚಿತ. ಆದರೆ ಸಾಂಕ್ರಾಮಿಕ ರೋಗಗಳ ಹರಡುವಿಕೆಯನ್ನು ಗಣಿತದ ಸಮೀಕರಣಗಳಲ್ಲಿ ನಿರೂಪಿಸಿದ ಮೊದಲಿಗರಲ್ಲಿ ಅವರೂ ಒಬ್ಬರು ಎಂಬುದಾಗಲೀ, ಬೆಂಗಳೂರಿನೊಂದಿಗೆ ಅವರಿಗಿದ್ದ ನಂಟಾಗಲೀ ಅನೇಕರಿಗೆ ತಿಳಿದಿಲ್ಲ.

1857ರ ಮೇ 13ರಂದು ಅಲ್ಮೋರಾದಲ್ಲಿ ಜನಿಸಿದ ರಾಸ್, ಸೇನಾಧಿಕಾರಿಯೊಬ್ಬರ ಪುತ್ರ. ಕಾವ್ಯ, ಸಂಗೀತ, ಗಣಿತಗಳತ್ತಲೇ ಒಲವಿದ್ದರೂ ತಂದೆಯ ಇಚ್ಛೆಗೆ ಮಣಿದು ವೈದ್ಯಶಿಕ್ಷಣ ಪಡೆದು, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರು ದಂಡಿನ ಹಂಗಾಮಿ ವೈದ್ಯಾಧಿಕಾರಿಯಾದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಬಳಿಯ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಬೆಳೆಯುತ್ತಿದ್ದುದನ್ನು ಕಂಡು ನೀರು ಚೆಲ್ಲಿಸಿದರು, ಕಾಟ ತಗ್ಗಿತು. 1895ರಲ್ಲಿ ಕಾಲರಾ ನಿಯಂತ್ರಣಕ್ಕಾಗಿ ಮತ್ತೆ ಬೆಂಗಳೂರಿಗೆ ನಿಯೋಜಿತರಾದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರೋಪಜೀವಿಯನ್ನು ಪತ್ತೆಹಚ್ಚಿದರು.

ಕೀರ್ತಿಯ ಬೆನ್ನಲ್ಲೇ ಸವಾಲು ಎದುರಾಯಿತು. ಲಾಹೋರ್ ಸಮೀಪದ ಮಿಯಾನ್ ಮೀರ್‌ನಲ್ಲಿ ಕೈಗೊಂಡ ಸೊಳ್ಳೆ ನಿರ್ಮೂಲನ ಪ್ರಯೋಗ ನಿರೀಕ್ಷಿತ ಫಲ ನೀಡಲಿಲ್ಲ. ಎಲ್ಲ ಸೊಳ್ಳೆಗಳನ್ನೂ ಕೊಲ್ಲುವುದು ಅಸಾಧ್ಯವಾದ್ದರಿಂದ ಈ ಯತ್ನವೇ ವ್ಯರ್ಥ ಎಂಬ ಟೀಕೆ ಕೇಳಿಬಂತು. ರಾಸ್ ಇದಕ್ಕೆ ಉತ್ತರ ಹುಡುಕಿದ್ದು ಗಣಿತದಲ್ಲಿ. ಊರಿನ ಜನಸಂಖ್ಯೆ, ರೋಗಿಗಳ ಪ್ರಮಾಣ, ಸೊಳ್ಳೆಗಳ ಸಂಖ್ಯೆ, ಅವುಗಳ ಆಯುಷ್ಯ, ಕಚ್ಚುವ ಸಾಧ್ಯತೆ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಒಬ್ಬ ರೋಗಿಯಿಂದ ಸರಾಸರಿ ಒಬ್ಬನಿಗೂ ಸೋಂಕು ತಗಲದಷ್ಟು ಮಟ್ಟಕ್ಕೆ ಸೊಳ್ಳೆಗಳು ಇಳಿದರೆ ರೋಗ ತಾನಾಗಿಯೇ ಕ್ಷೀಣಿಸುತ್ತದೆ. ಕೊನೆಯ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ ಎಂಬುದು ಆ ಲೆಕ್ಕದ ಸಾರ. 1908ರ ಮಾರಿಷಸ್ ವರದಿಯಲ್ಲಿ ಆರಂಭವಾದ ಈ ವಿಚಾರ 1911ರಲ್ಲಿ ವಿಸ್ತಾರಗೊಂಡಿತು. 1916-17ರಲ್ಲಿ ಗಣಿತಜ್ಞೆ ಹಿಲ್ಡಾ ಹಡ್ಸನ್ ಅವರ ನೆರವಿನಿಂದ ಇತರ ಸೋಂಕುಗಳಿಗೂ ಅನ್ವಯವಾಯಿತು.

1901ರಲ್ಲಿ ರಾಸ್ ಜೊತೆ ಸಿಯೆರಾ ಲಿಯೋನ್‌ಗೆ ತೆರಳಿದ್ದ ವೈದ್ಯ ಮೆಕ್‌ಕೆಂಡ್ರಿಕ್ ಈ ಪರಂಪರೆಯನ್ನು ಮುಂದುವರಿಸಿದರು. ಅವರು ಕರ್ಮ್ಯಾಕ್ ಜೊತೆಗೂಡಿ 1927ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಿದ್ಧಾಂತವನ್ನು 1905-06ರ ಮುಂಬಯಿ ಪ್ಲೇಗಿನ ಅಂಕಿಅಂಶಗಳಿಗೆ ಹೋಲಿಸಿ ನೋಡಲಾಗಿತ್ತು. ರಾಸ್ 1932ರ ಸೆಪ್ಟೆಂಬರ್ 16ರಂದು ಲಂಡನ್‌ನಲ್ಲಿ ನಿಧನರಾದರು.

2020ರಲ್ಲಿ ಕೋವಿಡ್ ಹರಡುವಿಕೆಯನ್ನು ಅಂದಾಜಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ರೂಪಿಸಿದ ಮಾದರಿಗಳ ಹಿಂದೆ ಇದೇ ಚಿಂತನೆಯ ಪರಂಪರೆಯಿದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಮಾಡಿಕೊಡುವವರಿಗೆ ದಂಡ ನಿಗದಿಪಡಿಸಿತು. ರಾಜಧಾನಿಯ ಬಡಾವಣೆಯಾಗಲಿ, ಹೊಸಕೋಟೆ ತಾಲ್ಲೂಕಿನ ನಂದಗುಡಿಯಾಗಲಿ, ನಿಂತ ನೀರನ್ನು ಚೆಲ್ಲುವ ಪ್ರತಿಯೊಂದು ಮನೆಯೂ ರೋಗದ ಲೆಕ್ಕವನ್ನು ಅಷ್ಟರಮಟ್ಟಿಗೆ ಇಳಿಸುತ್ತದೆ. ಎಲ್ಲವನ್ನೂ ಮಾಡಲಾಗದೆಂದು ಏನನ್ನೂ ಮಾಡದಿರುವುದು ಸಲ್ಲದು ಎಂಬುದೇ ರಾಸ್ ಗಣಿತ ಕಲಿಸುವ ಪಾಠ.