ಸತೀಶ್ ಧವನ್

ಸತೀಶ್ ಧವನ್ (25 ಸೆಪ್ಟೆಂಬರ್ 1920 – 3 ಜನವರಿ 2002) ಭಾರತದ ಪ್ರಸಿದ್ಧ ವಾಯುಯಾನ ವಿಜ್ಞಾನಿ ಹಾಗೂ ಶಿಕ್ಷಣತಜ್ಞರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ (1962–1981) ಮತ್ತು ಇಸ್ರೊ ಅಧ್ಯಕ್ಷರಾಗಿ (1972–1984) ಸೇವೆ ಸಲ್ಲಿಸಿದರು. ಉಪಗ್ರಹದ ಮೂಲಕ ದೂರದ ಊರುಗಳಿಗೆ ಪಾಠ ತಲುಪಿಸುವ ಭಾರತದ ಮೊದಲ ಪ್ರಯತ್ನಗಳು ಇವರ ಅವಧಿಯಲ್ಲಿ ನಡೆದವು.

ಜೀವನ

ಶ್ರೀನಗರದಲ್ಲಿ ಜನಿಸಿದ ಧವನ್, ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತವಿಜ್ಞಾನ, ಇಂಗ್ಲಿಷ್ ಸಾಹಿತ್ಯ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಹೀಗೆ ಒಂದಕ್ಕೊಂದು ದೂರವಾದ ವಿಷಯಗಳಲ್ಲಿ ಪದವಿಗಳನ್ನು ಪಡೆದರು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ 1951ರಲ್ಲಿ ಡಾಕ್ಟರೇಟ್ ಗಳಿಸಿ, ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ವಿಕ್ರಮ್ ಸಾರಾಭಾಯಿ ಅವರ ನಿಧನಾನಂತರ ಪ್ರಧಾನಿ ಇಂದಿರಾ ಗಾಂಧಿಯವರು ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ವಹಿಸಿದಾಗ, ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಮತ್ತು ತಾವು ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು ಎಂಬ ಷರತ್ತುಗಳನ್ನು ಮುಂದಿಟ್ಟರು.

ಉಪಗ್ರಹ ಮತ್ತು ಶಿಕ್ಷಣ

ಸಾರಾಭಾಯಿ ರೂಪಿಸಿದ್ದ ಸೈಟ್ ಪ್ರಯೋಗ 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಆಯ್ಕೆಯಾದವು ವಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಮುಂಡರಗಿಯ ನೆರೆಯಲ್ಲಿರುವ ಇಂದಿನ ಕೊಪ್ಪಳ ಜಿಲ್ಲೆ ಆಗ ರಾಯಚೂರಿನ ಭಾಗವಾಗಿತ್ತು. ಮುಂಡರಗಿ, ಗದಗ, ಶಿರಹಟ್ಟಿ ತಾಲ್ಲೂಕುಗಳು ಧಾರವಾಡ ಜಿಲ್ಲೆಗೆ ಸೇರಿದ್ದರಿಂದ ಪ್ರಯೋಗದಿಂದ ಹೊರಗುಳಿದವು.

ಸೈಟ್ ಹಳ್ಳಿಗರನ್ನೂ ಶಾಲಾಮಕ್ಕಳನ್ನೂ ಉದ್ದೇಶಿಸಿತ್ತು. ಉನ್ನತ ಶಿಕ್ಷಣದ ಸರದಿ ಬಂದದ್ದು ಇನ್ಸಾಟ್-1ಬಿ (1983) ಬಳಿಕ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1984ರ ಆಗಸ್ಟ್ 15ರಂದು ರಾಷ್ಟ್ರವ್ಯಾಪಿ ತರಗತಿ ಪ್ರಸಾರವನ್ನು ಆರಂಭಿಸಿತು. ನುರಿತ ಅಧ್ಯಾಪಕರ ಉಪನ್ಯಾಸ ಸಣ್ಣ ಊರಿನ ಕಾಲೇಜನ್ನೂ ತಲುಪಿದರೆ ನಗರ ಮತ್ತು ಗ್ರಾಮಾಂತರದ ಅಂತರ ಕುಗ್ಗುವುದೆಂಬ ನಿರೀಕ್ಷೆ ಅದರ ಹಿಂದಿತ್ತು. ಗದಗ-ಬೆಟಗೇರಿಯಂತಹ ಊರುಗಳ ವಿದ್ಯಾರ್ಥಿಗಳೇ ಅದರ ಉದ್ದೇಶಿತ ವೀಕ್ಷಕರು. ಆದರೆ ಪ್ರಸಾರ ಬಹುತೇಕ ಇಂಗ್ಲಿಷಿನಲ್ಲಿತ್ತು; ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅದು ಸಣ್ಣ ತೊಡಕಲ್ಲ. ಪಾಠದ ನಡುವೆ ಪ್ರಶ್ನೆ ಕೇಳುವ ಮಾರ್ಗವೂ ಇರಲಿಲ್ಲ. ಪ್ರಸಾರ ಆರಂಭವಾದ ಮರುತಿಂಗಳು ಧವನ್ ಇಸ್ರೊ ಅಧ್ಯಕ್ಷಸ್ಥಾನದಿಂದ ನಿವೃತ್ತರಾದರು.

ನಿಧನಾನಂತರ

2002ರಲ್ಲಿ ಶ್ರೀಹರಿಕೋಟದ ಉಡಾವಣಾ ಕೇಂದ್ರಕ್ಕೆ ಧವನ್ ಅವರ ಹೆಸರಿಡಲಾಯಿತು. ಶಿಕ್ಷಣಕ್ಕೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು 2004ರ ಸೆಪ್ಟೆಂಬರ್ 20ರಂದು ಅಲ್ಲಿಂದಲೇ ಹಾರಿಸಲಾಯಿತು. ವಿದ್ಯಾರ್ಥಿ ಮರಳಿ ಪ್ರಶ್ನಿಸಬಹುದಾದ ವ್ಯವಸ್ಥೆ ಇದರಲ್ಲಿತ್ತು. ಇದರ ಪ್ರಾಯೋಗಿಕ ಹಂತ ನಡೆದದ್ದು ಇನ್ಸಾಟ್-3ಬಿ ಮೂಲಕ, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. ಗದಗ ಮತ್ತು ಲಕ್ಷ್ಮೇಶ್ವರದ ಎಂಜಿನಿಯರಿಂಗ್ ಕಾಲೇಜುಗಳು ಇಂದು ಇದೇ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ.