ಕತ್ತಲಲ್ಲಿಯೂ ಕೈಬಿಡದ ವಿಶ್ವಾಸ: ಲಿಸ್ಯೂ ನಗರದ ಸಂತ ತೆರೇಸಮ್ಮನವರು

ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗವಚಿಕೊಂಡು ನಿಂತ ಬಾಲ ಯೇಸುವಿನ ಸಂತ ತೆರೇಸಮ್ಮನವರ ಪ್ರತಿಮೆ ನಮ್ಮ ಅನೇಕ ದೇವಾಲಯಗಳಲ್ಲಿ ಉಂಟು. ಆ ಮುಗುಳ್ನಗೆಯನ್ನು ಕಂಡವರು ಈ ಪುಣ್ಯವತಿಗೆ ಕಷ್ಟವೆಂಬುದೇ ತಿಳಿದಿರಲಿಲ್ಲವೆಂದು ಭಾವಿಸುವುದು ಸಹಜ. ಸತ್ಯ ಸಂಗತಿ ಬೇರೆ. ತಮ್ಮ ಬಾಳಿನ ಕಡೆಯ ಹದಿನೆಂಟು ತಿಂಗಳುಗಳನ್ನು ಅವರು ಸ್ವರ್ಗವುಂಟೋ ಇಲ್ಲವೋ ಎಂಬ ಘೋರ ಸಂಶಯದ ನಡುವೆ ಕಳೆದರು. ಶತಮಾನೋತ್ಸವದ ಈ ಹರ್ಷದ ಸಂದರ್ಭದಲ್ಲಿ ಅವರ ಜೀವನವನ್ನು ಸ್ಮರಿಸುವುದು ಉಚಿತವೇ ಸರಿ. ನೂರು ವರ್ಷಗಳಿಂದ ನಮ್ಮ ದೇವಾಲಯದ ಮೆಟ್ಟಿಲು ಹತ್ತಿದವರೆಲ್ಲರೂ ನಗುನಗುತ್ತಲೇ ಹತ್ತಿದವರಲ್ಲವಷ್ಟೆ.

ತೆರೇಸಮ್ಮನವರು 1873ರ ಜನವರಿ 2ರಂದು ಫ್ರಾನ್ಸ್ ದೇಶದ ಅಲಾನ್ಸೋಂ ಪಟ್ಟಣದಲ್ಲಿ ಜನಿಸಿದರು. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕೆಲಸ ಬಲ್ಲವರು. ತಾಯಿ ಝೆಲಿ ಕಸೂತಿಯ ಲೇಸು ಹೆಣೆಯುವುದರಲ್ಲಿ ನಿಪುಣೆ. ಆ ದಂಪತಿಗಳ ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳೆಯ ಪ್ರಾಯದಲ್ಲೇ ತೀರಿಹೋದರು. ಉಳಿದ ಐವರು ಹೆಣ್ಣುಮಕ್ಕಳಲ್ಲಿ ಇವರೇ ಕಿರಿಯರು. ನಾಲ್ಕೂವರೆ ವರ್ಷದ ಮಗುವಾಗಿದ್ದಾಗ, 1877ರಲ್ಲಿ, ತಾಯಿ ಸ್ತನದ ಅರ್ಬುದ ರೋಗದಿಂದ ನಿಧನರಾದರು. ಕುಟುಂಬವು ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿತು. ತಾಯಿಯ ಸ್ಥಾನದಲ್ಲಿದ್ದ ಅಕ್ಕ ಪೌಲಿನ್ 1882ರಲ್ಲಿ ಕಾರ್ಮೆಲ್ ಮಠ ಸೇರಿದಾಗ ಬಾಲಕಿಗೆ ಮತ್ತೊಮ್ಮೆ ತಾಯಿಯನ್ನು ಕಳೆದುಕೊಂಡಂತಾಯಿತು.

ತಾವೂ ದೇವರಿಗೆ ಮೀಸಲಾಗಬೇಕೆಂಬ ಹಂಬಲದಿಂದ 1887ರ ನವೆಂಬರಿನಲ್ಲಿ ರೋಮ್ ನಗರಕ್ಕೆ ಹೋಗಿ, ಜಗದ್ಗುರು ಹದಿಮೂರನೆಯ ಲಿಯೋರವರ ಪಾದದ ಬಳಿ ಮೊಣಕಾಲೂರಿ ಅನುಮತಿ ಬೇಡಿದರು. ಮರುವರ್ಷ ಏಪ್ರಿಲ್ 9ರಂದು, ಹದಿನೈದರ ಪ್ರಾಯದಲ್ಲಿ, ಮಠ ಪ್ರವೇಶಿಸಿದರು. ವರ್ಷ ತುಂಬುವುದರೊಳಗೆ ತಂದೆಯವರು ಬುದ್ಧಿಭ್ರಮಣೆಗೊಳಗಾಗಿ ಕಾನ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆ ಸೇರಬೇಕಾಯಿತು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಹೋದುದೇ ಇದಕ್ಕೆ ಕಾರಣವೆಂದು ಊರಿನವರು ಆಡಿಕೊಂಡರು. ಮಠದ ಗೋಡೆಗಳ ಹಿಂದೆ ಕುಳಿತ ಮಗಳು ಆ ಮಾತನ್ನೂ ನುಂಗಿಕೊಳ್ಳಬೇಕಾಯಿತು. 1894ರಲ್ಲಿ ತಂದೆಯವರು ದೈವಾಧೀನರಾದರು.

1896ರ ಪವಿತ್ರ ಗುರುವಾರದ ರಾತ್ರಿ ತೆರೇಸಮ್ಮನವರ ಬಾಯಿಗೆ ರಕ್ತ ಉಕ್ಕಿ ಬಂದಿತು. ಕ್ಷಯರೋಗದ ಸೂಚನೆ ಅದು. ಪ್ರಭುವನ್ನು ಬೇಗ ಸೇರುವೆನೆಂದು ಆಗ ಅವರು ಆನಂದಪಟ್ಟರು. ಆದರೆ ಪಾಸ್ಕ ಹಬ್ಬದ ಆ ದಿನಗಳಲ್ಲೇ ಆತ್ಮಕ್ಕೆ ಗಾಢಾಂಧಕಾರ ಕವಿಯಿತು. ಬಾಲ್ಯದಿಂದ ತೌರಿನಂತೆ ನಿಚ್ಚಳವಾಗಿದ್ದ ಸ್ವರ್ಗವು ಕಾಣದಾಯಿತು. ಅದರ ಮುಂದೆ ಆಕಾಶಕ್ಕೆ ಮುಟ್ಟುವ ಗೋಡೆಯೊಂದು ಎದ್ದು ನಿಂತಂತಾಯಿತು. ಮರಣದಾಚೆ ಏನೂ ಇಲ್ಲ, ಬರಿಯ ಶೂನ್ಯವೇ ಎಂದು ಕತ್ತಲೆಯೇ ಅಣಕಿಸುವಂತೆ ಕೇಳಿಸುತ್ತಿತ್ತು. ಇದೇ ಕಾಲದಲ್ಲಿ ಅವರು ಸ್ವರ್ಗದ ಸುಖವನ್ನು ಹಾಡುವ ಕವನಗಳನ್ನು ರಚಿಸುತ್ತಿದ್ದುದರಿಂದ ಸಹೋದರಿಯರು ಅವರ ಮನಸ್ಸು ತುಂಬು ಸಮಾಧಾನದಲ್ಲಿದೆಯೆಂದೇ ತಿಳಿದರು. ತಾವು ಅನುಭವಿಸುತ್ತಿರುವುದನ್ನಲ್ಲ, ನಂಬಲು ಬಯಸುವುದನ್ನು ಹಾಡುತ್ತಿರುವುದಾಗಿ ಅವರು ಮಠದ ಮಾತೆಗಾಗಿ ಬರೆದ ಆತ್ಮಕಥನದಲ್ಲಿ ಅರಿಕೆ ಮಾಡಿಕೊಂಡಿದ್ದಾರೆ.

ಇಂತಹ ಸ್ಥಿತಿಯಲ್ಲಿ ಅವರು ಮಾಡಿದುದೇನು? ಸಂಶಯಗಳೊಡನೆ ವಾದಕ್ಕಿಳಿಯಲಿಲ್ಲ, ಅವುಗಳಿಗೆ ಬೆನ್ನು ತಿರುಗಿಸಿ ಯೇಸುಸ್ವಾಮಿಯ ಬಳಿಗೆ ಓಡಿದರು. ವಿಶ್ವಾಸ ಪ್ರಮಾಣವನ್ನು ತಮ್ಮ ರಕ್ತದಿಂದಲೇ ಬರೆದು ಎದೆಯ ಬಳಿ ಧರಿಸಿದರು. ಬಾಳೆಲ್ಲ ಮಾಡಿದುದಕ್ಕಿಂತ ಹೆಚ್ಚು ವಿಶ್ವಾಸದ ಅರಿಕೆಗಳನ್ನು ಆ ಒಂದು ವರ್ಷದಲ್ಲಿ ಮಾಡಿದರು. ಎಲ್ಲಕ್ಕಿಂತ ಮಿಗಿಲಾಗಿ, ದೇವರನ್ನು ನಂಬದವರನ್ನು ಅವರು ಹಳಿಯಲಿಲ್ಲ. ಅವರನ್ನು ಸೋದರರೆಂದು ಕರೆದು, ಅವರ ಕಹಿಯೂಟದ ಪಂಕ್ತಿಯಲ್ಲೇ ತಾವೂ ಕುಳಿತು, ಎಲ್ಲರಿಗೂ ಬೆಳಕು ದೊರೆಯುವ ತನಕ ಏಳಲೊಲ್ಲೆನೆಂದು ಪ್ರಾರ್ಥಿಸಿದರು.

ರೋಗ ಉಲ್ಬಣಿಸಿದಾಗಲೂ ಅವರು ಪರರ ಚಿಂತೆ ಬಿಡಲಿಲ್ಲ. ಹೆಜ್ಜೆಯಿಡಲು ಪ್ರಯಾಸಪಡುತ್ತ ತೋಟದಲ್ಲಿ ನಡೆಯುವಾಗ, ದೂರದಲ್ಲೆಲ್ಲೋ ದಣಿದ ಧರ್ಮಪ್ರಚಾರಕನೊಬ್ಬನಿಗಾಗಿ ಆ ನಡಿಗೆಯನ್ನು ಒಪ್ಪಿಸುತ್ತಿದ್ದರು. ಅವರು ಪ್ರಾರ್ಥನೆಯಿಂದಲೂ ಪತ್ರಗಳಿಂದಲೂ ಪೋಷಿಸಿದ ಇಬ್ಬರು ಆಧ್ಯಾತ್ಮಿಕ ಸೋದರರಲ್ಲಿ ಒಬ್ಬರಾದ ರೂಲಾಂ ಸ್ವಾಮಿಗಳು 1896ರಲ್ಲಿ ಚೀನಾ ದೇಶಕ್ಕೆ ತೆರಳಿದವರು. ನಮ್ಮ ಮೈಸೂರು ಸೀಮೆಯಲ್ಲಿ ಶುಭಸಂದೇಶಕ್ಕಾಗಿ ದುಡಿದ ಎಂ.ಇ.ಪಿ. ಸಂಸ್ಥೆಗೇ ಸೇರಿದವರು.

1897ರ ಬೇಸಿಗೆಯಲ್ಲಿ ಕ್ಷಯವು ಶ್ವಾಸಕೋಶವನ್ನು ತಿಂದು ಕರುಳಿಗೂ ಹರಡಿತು. ಆಗಸ್ಟ್ 19ರಂದು ಸ್ವೀಕರಿಸಿದ ಪರಮಪ್ರಸಾದವೇ ಕಡೆಯದಾಯಿತು; ಅನಂತರ ಆ ಆದರಣೆಯೂ ಇಲ್ಲ. ವಿಶ್ವಾಸವಿಲ್ಲದವರು ಇಂಥ ನೋವಿನಲ್ಲಿ ಜೀವ ನೀಗಿಕೊಳ್ಳಲು ಏಕೆ ಮುಂದಾಗುವರೆಂಬುದು ಈಗ ತಮಗೆ ಅರ್ಥವಾಗುತ್ತದೆಂದು ಅಕ್ಕನಿಗೆ ಮರೆಮಾಚದೆ ತಿಳಿಸಿದರು. ಸೆಪ್ಟೆಂಬರ್ 30ರ ಸಂಜೆ, ಶಿಲುಬೆಯನ್ನು ದಿಟ್ಟಿಸುತ್ತ, ದೇವರ ಮೇಲಣ ಪ್ರೀತಿಯನ್ನು ಉಸುರಿ ಪ್ರಾಣ ಬಿಟ್ಟರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ.

1925ರಲ್ಲಿ ಧರ್ಮಸಭೆಯು ಅವರಿಗೆ ಸಂತ ಪದವಿಯನ್ನು ನೀಡಿತು. ಮಠದಿಂದ ಹೊರಗೆ ಕಾಲಿಡದ ಈ ಕನ್ಯಾಸ್ತ್ರೀಯನ್ನು 1927ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರರೊಡನೆ ಧರ್ಮಪ್ರಚಾರ ಕಾರ್ಯದ ಪಾಲಕರೆಂದು ಸಾರಲಾಯಿತು. 1997ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಅವರ ತಂದೆತಾಯಿಗಳೂ 2015ರಲ್ಲಿ ಸಂತರೆನಿಸಿದರು.

ಪ್ರಿಯ ಭಕ್ತಾದಿಗಳೇ, ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಗೆ ಜಪಸರ ಹಿಡಿಯಲು ಕೈ ಬಾರದೆ ಹೋಗಬಹುದು. ಹಾಸಿಗೆ ಹಿಡಿದವನಿಗೆ ಪೂಜೆಯ ಮಾತುಗಳು ಬರಿದೆನಿಸಬಹುದು. ಅಂಥವರು ತಮ್ಮ ವಿಶ್ವಾಸ ಸತ್ತಿತೆಂದು ನಾಚಿ ದೂರ ಸರಿಯುತ್ತಾರೆ. ಸರಿಯಬೇಡಿ. ವಿಶ್ವಾಸವೆಂದರೆ ಹೃದಯದಲ್ಲಿ ಉಕ್ಕುವ ಸಿಹಿಯಲ್ಲ. ಸಿಹಿ ಬತ್ತಿದ ಮೇಲೂ ಬಿಡದೆ ಹಿಡಿದ ಕೈ. ಹೀಗೆ ಕತ್ತಲಲ್ಲಿರುವವರನ್ನು ಕಂಡಾಗ ನಾವು ಉಪದೇಶಕ್ಕೆ ತೊಡಗದೆ, ತೆರೇಸಮ್ಮನವರಂತೆ ಅವರ ಪಂಕ್ತಿಯಲ್ಲಿ ಕುಳಿತು ಅವರಿಗಾಗಿ ಪ್ರಾರ್ಥಿಸೋಣ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಧರ್ಮಕೇಂದ್ರಕ್ಕೆ ಆ ಪುಣ್ಯಮಾತೆಯ ಬಿನ್ನಹಗಳು ಸದಾ ಆಸರೆಯಾಗಲಿ.