ದೂರದರ್ಶನದ ಸಾಧಕ ಜಾನ್ ಲೋಗಿ ಬೇರ್ಡ್

ಕನ್ನಡಿಯು ತನ್ನೆದುರು ನಿಂತವರ ಬಿಂಬವನ್ನು ಮಾತ್ರ ತೋರಬಲ್ಲದು. ದೂರದಲ್ಲಿರುವವರ ಮುಖವೂ ಮನೆಯೊಳಗಿನ ಒಂದು ಗಾಜಿನಲ್ಲಿ ಕಾಣಬೇಕೆಂಬುದು ಮಾನವನ ಬಹುಕಾಲದ ಹಂಬಲವಾಗಿತ್ತು. ಅದನ್ನು ಸಿದ್ಧಿಗೆ ತಂದವರಲ್ಲಿ ಅಗ್ರಗಣ್ಯರು ಜಾನ್ ಲೋಗಿ ಬೇರ್ಡರು. ಕನ್ನಡಿಯ ಹಿಂದೆಯೇ ಪರದೆಯನ್ನಿರಿಸಿ, ಮುಖ ನೋಡಿಕೊಳ್ಳುವವರಿಗೆ ಹೊತ್ತು, ಹವೆ, ಸುದ್ದಿಗಳನ್ನು ತೋರುವ ಸಾಧನಗಳು ಬಂದಿರುವ ಈ ಕಾಲದಲ್ಲಿ ಅವರ ಚರಿತ್ರೆಯು ಸ್ಮರಣೀಯವಾಗಿದೆ.

ಬೇರ್ಡರು 1888ರ ಆಗಸ್ಟ್ 13ರಂದು ಸ್ಕಾಟ್ಲೆಂಡಿನ ಹೆಲೆನ್ಸ್‌ಬರೋ ಪಟ್ಟಣದಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿಗಳು. ಬಾಲ್ಯದಿಂದಲೂ ಶರೀರ ದುರ್ಬಲ, ಬುದ್ಧಿ ಮಾತ್ರ ಚುರುಕು. ಬಾಲಕರಾಗಿದ್ದಾಗಲೇ ತಮ್ಮ ಮನೆಯಿಂದ ಗೆಳೆಯರ ಮನೆಗಳಿಗೆ ತಂತಿಯೆಳೆದು ದೂರವಾಣಿಯನ್ನು ಏರ್ಪಡಿಸಿದ್ದರು. ಗ್ಲಾಸ್ಗೋ ನಗರದಲ್ಲಿ ವಿದ್ಯುತ್ ಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಮೊದಲನೆಯ ಮಹಾಯುದ್ಧದಲ್ಲಿ ಅನಾರೋಗ್ಯದ ಕಾರಣ ಸೈನ್ಯವು ಅವರನ್ನು ಸ್ವೀಕರಿಸಲಿಲ್ಲ. ಅನಂತರ ಕಾಲುಚೀಲ ಮಾರಿದರು, ಟ್ರಿನಿಡಾಡ್ ದ್ವೀಪದಲ್ಲಿ ಹಣ್ಣಿನ ಪಾಕ ತಯಾರಿಸಿದರು, ಸಾಬೂನಿನ ವ್ಯಾಪಾರ ಮಾಡಿದರು. ಯಾವುದೂ ನೆಲೆ ನಿಲ್ಲಲಿಲ್ಲ. 1923ರಲ್ಲಿ ಆರೋಗ್ಯ ಸುಧಾರಣೆಗಾಗಿ ಇಂಗ್ಲೆಂಡಿನ ಕಡಲತೀರದ ಹೇಸ್ಟಿಂಗ್ಸ್ ಪಟ್ಟಣವನ್ನು ಸೇರಿದರು.

ಅಲ್ಲಿ ಅವರು ದೂರದರ್ಶನ ಯಂತ್ರದ ರಚನೆಗೆ ತೊಡಗಿದರು. ಜರ್ಮನಿಯ ಪಾಲ್ ನಿಪ್ಕೋ ಎಂಬುವರು 1884ರಲ್ಲಿಯೇ ಸೂಚಿಸಿದ್ದ ರಂಧ್ರಚಕ್ರವೇ ಅದಕ್ಕೆ ಆಧಾರ. ಸುರುಳಿಯಾಕಾರದಲ್ಲಿ ರಂಧ್ರಗಳಿರುವ ಚಕ್ರವು ತಿರುಗುವಾಗ ಒಂದೊಂದು ರಂಧ್ರವೂ ದೃಶ್ಯದ ಒಂದೊಂದು ಗೆರೆಯನ್ನು ಸವರುತ್ತದೆ. ಬೆಳಕಿನ ಏರಿಳಿತವು ವಿದ್ಯುತ್ತಿನ ಏರಿಳಿತವಾಗಿ ಹರಿದು, ಇನ್ನೊಂದು ತುದಿಯಲ್ಲಿ ಅದೇ ವೇಗದಲ್ಲಿ ತಿರುಗುವ ಚಕ್ರದ ಹಿಂದಿನ ದೀಪದಲ್ಲಿ ಮತ್ತೆ ಬೆಳಕಾಗುತ್ತದೆ. ಹಣವಿಲ್ಲದ ಬೇರ್ಡರು ಚಹದ ಪೆಟ್ಟಿಗೆ, ಟೋಪಿಯ ಡಬ್ಬಿ, ಹೊಲಿಗೆಯ ಸೂಜಿ, ಸೈಕಲ್ ದೀಪದ ಮಸೂರ, ಅರಗು ಇವುಗಳಿಂದಲೇ ಯಂತ್ರವನ್ನು ಜೋಡಿಸಿದರು. 1924ರಲ್ಲಿ ಪ್ರಬಲ ವಿದ್ಯುದಾಘಾತಕ್ಕೊಳಗಾಗಿ ಪ್ರಾಣಾಪಾಯದಿಂದ ಪಾರಾದರು. ಕಟ್ಟಡದ ಯಜಮಾನರು ಸ್ಥಳ ಬಿಡಿಸಿದರು. ಬೇರ್ಡರು ಲಂಡನ್ನಿನ ಫ್ರಿತ್ ಬೀದಿಯ ಉಪ್ಪರಿಗೆಯ ಕೋಣೆಗೆ ಬಂದರು.

1925ರ ಅಕ್ಟೋಬರ್ 2ರಂದು ಒಂದು ಗೊಂಬೆಯ ಮುಖವು ನೆರಳು ಬೆಳಕುಗಳ ಭೇದ ಸಹಿತ ಪರದೆಯಲ್ಲಿ ಮೂಡಿತು. ಹರ್ಷಭರಿತರಾದ ಬೇರ್ಡರು ಕೆಳ ಅಂತಸ್ತಿಗೆ ಓಡಿ, ಅಲ್ಲಿನ ಕಚೇರಿಯ ವಿಲಿಯಂ ಟೇಂಟನ್ ಎಂಬ ತರುಣನನ್ನು ಕರೆತಂದು ಯಂತ್ರದೆದುರು ಕುಳ್ಳಿರಿಸಿದರು. ದೀಪಗಳ ಕಾವಿಗೆ ಹೆದರಿ ಅವನು ಹಿಂದೆ ಸರಿಯಲು, ಹಣ ಕೊಟ್ಟು ಒಪ್ಪಿಸಬೇಕಾಯಿತು! 1926ರ ಜನವರಿ 26ರಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸುಮಾರು 40 ಸದಸ್ಯರು ಈ ಸಾಧನೆಯನ್ನು ಕಣ್ಣಾರೆ ಕಂಡರು. ಮುಂದೆ 1927ರಲ್ಲಿ ಲಂಡನ್ನಿನಿಂದ ಗ್ಲಾಸ್ಗೋವಿಗೆ, 1928ರಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಚಿತ್ರ ತಲುಪಿತು. 1929ರ ಸೆಪ್ಟೆಂಬರಿನಲ್ಲಿ ಬಿ.ಬಿ.ಸಿ.ಯ ಪ್ರೇಷಕದ ಮೂಲಕ ಪ್ರಸಾರ ಆರಂಭವಾಯಿತು. ಆಗ ಪ್ರೇಷಕ ಒಂದೇ ಆದುದರಿಂದ ಮೊದಲು ಚಿತ್ರ, ಅನಂತರ ಧ್ವನಿ ಎಂಬಂತೆ ಸರದಿಯಲ್ಲಿ ಕಳಿಸಬೇಕಾಗಿತ್ತು. 1930ರ ಮಾರ್ಚಿನಿಂದ ಎರಡೂ ಜೊತೆಯಾಗಿ ಬಂದವು. ಅದೇ ವರ್ಷ ಟೆಲಿವೈಸರ್ ಎಂಬ ಗೃಹಯಂತ್ರ ಮಾರಾಟಕ್ಕೆ ಬಂದಿತು. 30 ಗೆರೆಗಳ ಆ ಚಿತ್ರ ಅತಿ ಚಿಕ್ಕದು, ಮಿನುಗುವಂಥದು. ಆದರೂ ದೂರದ ಮುಖವು ಮನೆಯ ಕೋಣೆಗೆ ಬಂದಿತ್ತು.

ಆದರೆ ತಿರುಗುವ ಚಕ್ರಕ್ಕೆ ಒಂದು ಮಿತಿಯುಂಟು. ಗೆರೆಗಳು ಹೆಚ್ಚಿದಂತೆ ಅದರ ನಿರ್ವಹಣೆ ದುಸ್ಸಾಧ್ಯವಾಗುತ್ತದೆ. ಇಲೆಕ್ಟ್ರಾನುಗಳಿಂದಲೇ ಚಿತ್ರವನ್ನು ಬಿಡಿಸುವ ಮಾರ್ಗವನ್ನು ಅಮೆರಿಕದ ಫೈಲೋ ಫಾರ್ನ್ಸ್‌ವರ್ತರು 1927ರಲ್ಲಿಯೇ ತೋರಿದ್ದರು. 1936ರ ನವೆಂಬರಿನಲ್ಲಿ ಲಂಡನ್ನಿನ ಅಲೆಗ್ಸಾಂಡ್ರಾ ಅರಮನೆಯಿಂದ ಬೇರ್ಡ್ ಸಂಸ್ಥೆಯ 240 ಗೆರೆಗಳ ಪದ್ಧತಿಗೂ ಮಾರ್ಕೋನಿ-ಇ.ಎಂ.ಐ. ಸಂಸ್ಥೆಯ 405 ಗೆರೆಗಳ ಪದ್ಧತಿಗೂ ಪರೀಕ್ಷೆ ನಡೆಯಿತು. ಅದೇ ತಿಂಗಳ 30ರಂದು ಕ್ರಿಸ್ಟಲ್ ಪ್ಯಾಲೇಸ್ ಅಗ್ನಿಗೆ ಆಹುತಿಯಾಗಿ, ಅಲ್ಲಿದ್ದ ಬೇರ್ಡ್ ಸಂಸ್ಥೆಯ ಪ್ರಯೋಗಾಲಯಗಳ ಬಹುಭಾಗ ಭಸ್ಮವಾಯಿತು. 1937ರ ಫೆಬ್ರವರಿಯಲ್ಲಿ ಬಿ.ಬಿ.ಸಿ. ಅವರ ಪದ್ಧತಿಯನ್ನು ಕೈಬಿಟ್ಟಿತು.

ಹದಿಮೂರು ವರ್ಷಗಳ ತಪಸ್ಸು ಹೀಗೆ ನಿರಾಕೃತವಾದಾಗ ಅನ್ಯರಾಗಿದ್ದರೆ ವಿರಕ್ತರಾಗುತ್ತಿದ್ದರೇನೋ. ಬೇರ್ಡರು ಹಾಗಾಗಲಿಲ್ಲ, ತಮ್ಮ ಚಕ್ರವನ್ನೇ ಹಿಡಿದು ಹಠಮಾಡಲೂ ಇಲ್ಲ. ತಮ್ಮನ್ನು ಸೋಲಿಸಿದ ಇಲೆಕ್ಟ್ರಾನ್ ಮಾರ್ಗವನ್ನೇ ಅವಲಂಬಿಸಿದರು. ಎರಡನೆಯ ಮಹಾಯುದ್ಧದ ದಿನಗಳಲ್ಲಿ, ಕ್ಷೀಣಿಸುತ್ತಿದ್ದ ದೇಹದೊಡನೆ, ಸ್ವಂತ ಹಣವನ್ನು ವೆಚ್ಚಮಾಡಿ ಪ್ರಯೋಗ ಮುಂದುವರಿಸಿ, 1944ರ ಆಗಸ್ಟ್ 16ರಂದು ಚಕ್ರದ ನೆರವಿಲ್ಲದೆ ವರ್ಣಚಿತ್ರವನ್ನು ತೋರುವ ಟೆಲಿಕ್ರೋಮ್ ಎಂಬ ನಳಿಗೆಯನ್ನು ಪ್ರದರ್ಶಿಸಿದರು.

ಯುದ್ಧಕಾಲದಲ್ಲಿ ಸ್ಥಗಿತವಾಗಿದ್ದ ಪ್ರಸಾರವು 1946ರ ಜೂನ್ 7ರಂದು ಪುನರಾರಂಭವಾಯಿತು. ಒಂದು ವಾರದ ಬಳಿಕ, ಜೂನ್ 14ರಂದು, ಬೇರ್ಡರು ಬೆಕ್ಸ್‌ಹಿಲ್ ಪಟ್ಟಣದಲ್ಲಿ ತೀರಿಕೊಂಡರು. ಅವರ ಸಮಾಧಿ ಹುಟ್ಟೂರಿನಲ್ಲಿದೆ.

ಇಂದಿನ ಯಾವ ಪರದೆಯಲ್ಲಿಯೂ ಬೇರ್ಡರ ಚಕ್ರ ತಿರುಗುತ್ತಿಲ್ಲ. ಆದರೆ ಮನೆಯ ಗಾಜಿನಲ್ಲಿ ದೂರದ ಮುಖವನ್ನು ಕಾಣಬಹುದೆಂಬ ಭರವಸೆಯನ್ನು ಜನತೆಗೆ ಕೊಟ್ಟವರು ಅವರು. ತಾವು ಕಲಿತುದು ಹಳತಾದಾಗ ಹೊಸತನ್ನು ಕಲಿಯಲು ನಾಚದಿದ್ದ ಅವರ ವಿನಯವು ವಿದ್ಯಾರ್ಥಿಗಳಿಗೂ, ಅವರಿಗಿಂತ ಹೆಚ್ಚಾಗಿ ಉಪಾಧ್ಯಾಯರಿಗೂ ಅನುಕರಣೀಯವಾದುದು.